ಘಟ್ಟದ ಬುಡದಲ್ಲಿ ಎಳೆದ ಗೆರೆಗಳು

ಕುಂದಾಪುರದ ಮೂಡು ದಿಕ್ಕಿಗೆ, ಘಟ್ಟದ ಬುಡದಲ್ಲಿರುವ ಊರು ಕೆರಾಡಿ. 2022ರಲ್ಲಿ ತೆರೆಗೆ ಬಂದ ‘ಕಾಂತಾರ’ದ ಚಿತ್ರೀಕರಣ ನಡೆದದ್ದು ಇಲ್ಲಿಯೇ. ಕಾಡಿನ ಗಡಿ ಎಲ್ಲಿ, ಅದನ್ನು ಗುರುತು ಹಾಕುವವರು ಯಾರು ಎಂಬ ಆ ಚಿತ್ರದ ಜಗಳಕ್ಕೆ ಈ ಸೀಮೆಯಲ್ಲಿ ಒಂದೂವರೆ ಶತಮಾನದ ಚರಿತ್ರೆಯಿದೆ.

ಇಲ್ಲಿನ ಕುಡುಬಿ ಸಮುದಾಯದವರು ಹಿಂದೆ ಇಳಿಜಾರಿನ ಕಾಡು ಕಡಿದು, ಸುಟ್ಟು, ಬೂದಿಯ ಮೇಲೆ ರಾಗಿ ಬಿತ್ತುತ್ತಿದ್ದರು. ಒಂದೆರಡು ಬೆಳೆ ತೆಗೆದು ಬೇರೆ ಜಾಗಕ್ಕೆ ಹೋಗುತ್ತಿದ್ದರು. ಇದೇ ಕುಮ್ರಿ. ಕಾಡು ಅಳಿದರೆ ಒರತೆ ಬತ್ತುತ್ತದೆ, ಮಳೆಯೂ ಕುಗ್ಗಬಹುದು ಎಂಬ ವಾದ ಆಗ ಪ್ರಬಲವಾಗುತ್ತಿತ್ತು. 1851ರಲ್ಲಿ ವೈದ್ಯ ಹ್ಯೂ ಕ್ಲೆಗಾರ್ನ್ ಈ ಕುರಿತ ವರದಿಯನ್ನು ಬ್ರಿಟನ್ನಿನ ವಿಜ್ಞಾನಿಗಳ ಮುಂದಿಟ್ಟರು. 1856ರಲ್ಲಿ ಅವರೇ ಮದರಾಸಿನ ಅರಣ್ಯಾಧಿಕಾರಿಯಾದರು. ಮಳೆಯ ಮಾತಿಗೆ ಗಟ್ಟಿಯಾದ ಅಳತೆಗಳಿರಲಿಲ್ಲ. ಆದರೂ 1860ರಲ್ಲಿ, ಸರ್ಕಾರಿ ಕಾಡಿನಲ್ಲಿ ಅನುಮತಿಯಿಲ್ಲದ ಕುಮ್ರಿಗೆ ಮದರಾಸು ಸರ್ಕಾರ ನಿಷೇಧ ಹೇರಿತು. ರೈಲು ಹಳಿಗಳಿಗೆ ಮರ ಬೇಕಾಗಿದ್ದ ಕಾಲವದು. ಅನುಮಾನದ ಭಾರವೆಲ್ಲ ಬಿದ್ದದ್ದು ಕುಮ್ರಿ ಮಾಡುವವನ ಹೆಗಲಿಗೆ.

ಗೆರೆ ಎಳೆಯುವ ಕೆಲಸ ನಮ್ಮ ಕಾಲದಲ್ಲೂ ಮುಂದುವರಿಯಿತು. 2010ರಲ್ಲಿ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ ನೇತೃತ್ವದ ಸಮಿತಿ ಪಶ್ಚಿಮ ಘಟ್ಟವನ್ನು ಸುಮಾರು 9 ಕಿ.ಮೀ. ಉದ್ದಗಲದ ಚೌಕಗಳಾಗಿ ವಿಂಗಡಿಸಿ ಪರಿಸರ ಸೂಕ್ಷ್ಮತೆಗೆ ಅಂಕ ಕೊಟ್ಟು ವಲಯಗಳನ್ನು ಗುರುತಿಸಲು ಹೊರಟಿತು. ಇಂಥ ಒಂದು ಚೌಕದಲ್ಲಿ ದಟ್ಟ ಕಾಡು, ಅಡಿಕೆ ತೋಟ, ಗದ್ದೆ, ಶಾಲೆ ಎಲ್ಲವೂ ಬರಬಹುದು. ಸಮಿತಿಗೆ ಅದರ ಅರಿವಿತ್ತು. ಈ ವಲಯಗಳು ತಾತ್ಕಾಲಿಕ, ಗ್ರಾಮಸಭೆಗಳಲ್ಲಿ ಚರ್ಚೆಯಾಗಿ ಗಡಿ ಅಂತಿಮವಾಗಲಿ ಎಂದು 2011ರ ವರದಿ ಹೇಳಿತು. ಆ ವರದಿಯ ಅತ್ಯಂತ ವೈಜ್ಞಾನಿಕ ಮಾತು ಇದೇ. ಸರ್ಕಾರಗಳು ಕೈಬಿಟ್ಟದ್ದೂ ಇದನ್ನೇ.

ಇದೇ ಕೆಲಸಕ್ಕೆ ಬಳಿಕ ಬಂದ ಕಸ್ತೂರಿರಂಗನ್ ಸಮಿತಿ 2013ರಲ್ಲಿ 24 ಮೀಟರ್ ಸೂಕ್ಷ್ಮತೆಯ ಉಪಗ್ರಹ ಚಿತ್ರಗಳನ್ನು ಬಳಸಿತು. ಚಿತ್ರ ಸ್ಪಷ್ಟವಾಯಿತು, ನಿಯಮ ಒರಟಾಗಿಯೇ ಉಳಿಯಿತು: ಗ್ರಾಮದ ಶೇ. 20ರಷ್ಟು ಜಾಗ ಸೂಕ್ಷ್ಮವಾಗಿದ್ದರೆ ಇಡೀ ಗ್ರಾಮ ಪರಿಸರ ಸೂಕ್ಷ್ಮ ಪ್ರದೇಶದ ಪಟ್ಟಿಗೆ. ಕರ್ನಾಟಕದ ಪಾಲು 20,668 ಚದರ ಕಿ.ಮೀ. ಮನೆ ಕಟ್ಟಬಹುದೇ, ತೋಟಕ್ಕೆ ಮದ್ದು ಬಿಡಬಹುದೇ ಎಂಬ ಪ್ರಶ್ನೆಗೆ ಊರಲ್ಲಿ ಕೂತು ಉತ್ತರ ಹೇಳುವವರು ಬರಲಿಲ್ಲ. ಒಕ್ಕಲೆಬ್ಬಿಸುತ್ತಾರೆಂಬ ಸುದ್ದಿ ಮಾತ್ರ ಮನೆಮನೆಗೆ ತಲುಪಿತು.

ಪರಿಸರ ಸೂಕ್ಷ್ಮ ಪ್ರದೇಶವನ್ನು ಘೋಷಿಸುವ ಕೇಂದ್ರದ ಕರಡು ಅಧಿಸೂಚನೆ 2014ರಿಂದ ಮತ್ತೆ ಮತ್ತೆ ಹೊರಬಿತ್ತು. ಕೇರಳದ ವಯನಾಡಿನ ಭೂಕುಸಿತದ ಮರುದಿನ, 2024ರ ಜುಲೈ 31ರಂದು, ಮತ್ತೊಂದು ಬಂತು. ಸೆಪ್ಟೆಂಬರ್ 26ರಂದು ಕರ್ನಾಟಕ ಸಚಿವ ಸಂಪುಟ ಅದನ್ನೂ ತಿರಸ್ಕರಿಸಿತು.