ಎಣ್ಣೆಯ ಮೂಲ, ದೀಪದ ಬೆಳಕು, ರಾತ್ರಿಯ ಕೊಯ್ಲು

ಮೈಸೂರಿನಿಂದ ಹುಣಸೂರಿನ ರಸ್ತೆ ಹಿಡಿದು ಇಲವಾಲವನ್ನು ದಾಟಿದ ಯಾತ್ರಿಕರಿಗೆ ಗೊಮ್ಮಟಗಿರಿ ಸಮೀಪವಾಗುತ್ತದೆ. ಶ್ರವಣಗುಡ್ಡವೆಂದೂ ಹೆಸರಾದ ಆ ಬಂಡೆಯ ಮೇಲಿನ ಬಾಹುಬಲಿ ಸ್ವಾಮಿಗೆ ಹಾಲು, ಎಳನೀರು, ಅರಿಸಿನ, ಚಂದನಗಳ ಅಭಿಷೇಕ. ಎಣ್ಣೆಗೆ ಸಂದ ಸ್ಥಾನ ದೀಪದಲ್ಲಿ. ಹಿಂದೆ ಈ ಸೀಮೆಯ ಮನೆಗಳಲ್ಲಿ ಎಳ್ಳೆಣ್ಣೆ, ಹುಚ್ಚೆಳ್ಳೆಣ್ಣೆ, ಹರಳೆಣ್ಣೆಗಳಿದ್ದವು. ಈಗ ಕೆಲವು ಮನೆಗಳಿಗೆ ಆಲಿವ್ ಎಣ್ಣೆಯೂ ಬಂದಿದೆ.

ಮಾತಿನ ಮೂಲವನ್ನು ನೋಡಿದರೆ ‘ಆಲಿವ್ ಎಣ್ಣೆ’ ಎಂಬುದು ವಿಚಿತ್ರ ಜೋಡಣೆ. ಎಳ್ ಮತ್ತು ನೆಯ್ ಕೂಡಿ ‘ಎಣ್ಣೆ’ ಆಯಿತು. ತಿಲದಿಂದ ‘ತೈಲ’ ಹುಟ್ಟಿತು. ಅತ್ತ ಗ್ರೀಕರು ಆಲಿವ್ ಮರವನ್ನು ‘ಎಲೈಯಾ’ ಎಂದರು. ಲ್ಯಾಟಿನ್ನಿನ ‘ಓಲಿಯಮ್’, ಇಂಗ್ಲಿಷಿನ ‘ಆಯಿಲ್’ ಅದರ ಸಂತತಿ. ಎರಡು ನಾಡುಗಳೂ ತಮ್ಮ ಮೊದಲ ಎಣ್ಣೆಯ ಹೆಸರನ್ನೇ ಎಲ್ಲ ಎಣ್ಣೆಗಳಿಗೂ ಹಂಚಿದವು. ಹರಪ್ಪಾದ ಉತ್ಖನನದಲ್ಲಿ ಸುಟ್ಟ ಎಳ್ಳಿನ ಕಾಳುಗಳು ದೊರೆತಿವೆ. ಆಲಿವ್ ಮರವನ್ನು ಮೆಡಿಟರೇನಿಯನ್ ಸಮುದ್ರದ ಪೂರ್ವತೀರದ ಜನ ಸುಮಾರು 6000 ವರ್ಷಗಳ ಹಿಂದೆ ಪಳಗಿಸಿದರು. ಅದರ ಎಣ್ಣೆ ಬೀಜಕ್ಕಿಂತ ಹೆಚ್ಚಾಗಿ ಹಣ್ಣಿನ ತಿರುಳಿನದು. ಅಡುಗೆ, ಅಭ್ಯಂಗ, ಸಾಬೂನು, ದೀಪ, ಎಲ್ಲಕ್ಕೂ ಅಲ್ಲಿ ಅದೇ ಆಧಾರ.

ಕನ್ನಡ ನಾಡಿನ ಶಾಸನಗಳಲ್ಲಿ ದೇಗುಲ ಬಸದಿಗಳ ಸೊಡರಿಗೆ ಎಣ್ಣೆ ಬಿಟ್ಟ ದತ್ತಿಗಳು ಹೇರಳವಾಗಿವೆ. ಗಾಣವೊಂದಕ್ಕೆ ಇಷ್ಟು ಸೊಲ್ಲಗೆ ಎಣ್ಣೆಯೆಂದು ತೆಲ್ಲಿಗರ ಸಮೂಹಗಳು ಕೊಟ್ಟದ್ದು ಕಲ್ಲಿನಲ್ಲಿ ಉಳಿದಿದೆ. ಆದರೆ ಶ್ರಾವಕಾಚಾರದ ಧ್ವನಿ ಬೇರೆ. 12ನೆಯ ಶತಮಾನದ ಹೇಮಚಂದ್ರಾಚಾರ್ಯರು ‘ಯೋಗಶಾಸ್ತ್ರ’ದಲ್ಲಿ ಶ್ರಾವಕನು ಬಿಡಬೇಕಾದ ಹದಿನೈದು ವೃತ್ತಿಗಳೊಳಗೆ ಯಂತ್ರಪೀಡನವನ್ನು ಸೇರಿಸುತ್ತಾರೆ, ಎಳ್ಳು, ಕಬ್ಬು, ಸಾಸಿವೆ, ಹರಳುಗಳನ್ನು ಯಂತ್ರದಲ್ಲಿ ಹಿಂಡುವುದೆಂದು ವಿವರಿಸುತ್ತಾರೆ. ಕಾಳಿನೊಡನೆ ಹುಳುವೂ ಅರೆಯಲ್ಪಡುತ್ತದೆಂಬುದು ಗಾಣ ಕಂಡವರಿಗೆ ತಿಳಿದದ್ದೇ. ಗಾಣಿಗನ ಎಣ್ಣೆಯಿಂದ ದೀಪ ಹಚ್ಚಿ ಗಾಣಿಗನ ವೃತ್ತಿಯನ್ನು ಮಾತ್ರ ದೂರವಿಡುವುದು ಎಷ್ಟು ನ್ಯಾಯವೆಂಬ ಪ್ರಶ್ನೆ ಇಲ್ಲಿ ಏಳದಿರದು. ಕೊಳ್ಳುವವನಿಗೂ ಆ ಹಿಂಸೆಯಲ್ಲಿ ಪಾಲಿದೆಯೆಂದು ಒಪ್ಪುವುದೇ ಪ್ರಾಮಾಣಿಕತೆ.

ಅಮೃತಚಂದ್ರಾಚಾರ್ಯರು ‘ಪುರುಷಾರ್ಥಸಿದ್ಧ್ಯುಪಾಯ’ದಲ್ಲಿ ರಾತ್ರಿಭೋಜನವನ್ನು ನಿಷೇಧಿಸುವಾಗ, ದೀಪವಿದ್ದ ಮಾತ್ರಕ್ಕೆ ಆಹಾರದಲ್ಲಿ ಬೀಳುವ ಸೂಕ್ಷ್ಮಜೀವಿಗಳ ಹಿಂಸೆ ತಪ್ಪದೆಂದು ವಾದಿಸಿದರು. ಈ ವಾದ ಅಡಿಗೆಮನೆಗಷ್ಟೇ ಸಂಬಂಧಿಸಿದುದೆಂದು ತೋರಬಹುದು. ಸ್ಪೇನಿನ ಆಂಡಲೂಸಿಯದ ಆಲಿವ್ ತೋಟಗಳಲ್ಲಿ ನಡೆದದ್ದನ್ನು ನೋಡಿದರೆ ಹಾಗೆನ್ನಲಾಗದು. ಅಲ್ಲಿ ಬೇಲಿಯಂತೆ ಒತ್ತಾಗಿ ನೆಟ್ಟ ಮರಗಳ ಸಾಲಿನ ಮೇಲೆ ಭಾರಿ ಯಂತ್ರಗಳು ಹಾದು ಹಣ್ಣನ್ನು ಕಿತ್ತುಕೊಳ್ಳುತ್ತವೆ. ತಂಪಿನಲ್ಲಿ ಹಣ್ಣಿನ ಪರಿಮಳ ಕೆಡದೆಂದು ಕೊಯ್ಲು ರಾತ್ರಿಯಲ್ಲೂ ನಡೆಯುತ್ತಿತ್ತು. ಉತ್ತರ ಯುರೋಪಿನಿಂದ ಚಳಿಗಾಲ ಕಳೆಯಲು ಬಂದು ಆ ಮರಗಳಲ್ಲಿ ಮಲಗಿದ್ದ ಪುಟ್ಟ ಹಕ್ಕಿಗಳು ಯಂತ್ರದ ಪ್ರಖರ ಬೆಳಕಿಗೆ ದಿಕ್ಕುತೋಚದೆ ಹಣ್ಣಿನೊಡನೆ ಸೆಳೆಯಲ್ಪಟ್ಟು ಅಪಾರ ಸಂಖ್ಯೆಯಲ್ಲಿ ಸತ್ತವು. ವಿಜ್ಞಾನಿಗಳು ಇದನ್ನು ಲೋಕದ ಗಮನಕ್ಕೆ ತಂದ 2019ರಲ್ಲೇ ಅಲ್ಲಿನ ಆಡಳಿತವು ರಾತ್ರಿಯ ಯಂತ್ರಕೊಯ್ಲನ್ನು ತಡೆಹಿಡಿಯಿತು. ಹಗಲಿನಲ್ಲಾದರೆ ಹಕ್ಕಿ ಎಚ್ಚೆತ್ತು ಹಾರಿಹೋಗುತ್ತದೆ; ವ್ಯತ್ಯಾಸ ಅಷ್ಟೇ.

ಆಲಿವ್ ಎಣ್ಣೆಯೆಲ್ಲವೂ ದೂಷ್ಯವೆಂದು ಇದರ ಅರ್ಥವಲ್ಲ. ಹಳೆಯ ತೋಟಗಳಲ್ಲಿ ಕೈಯಿಂದ ಕೊಯ್ದ ಹಣ್ಣಿನ ಎಣ್ಣೆಯೂ ಉಂಟು. ಎಳ್ಳಿನ ಗಾಣವೂ ನಿರ್ದೋಷವಲ್ಲ. ದೂರದ ಎಣ್ಣೆಯ ಕಷ್ಟವೆಂದರೆ, ಗಾಣದ ಮನೆಗೆ ಹೋಗಿ ಕಾಳನ್ನು ಜರಡಿ ಹಿಡಿದರೋ ಇಲ್ಲವೋ ಎಂದು ನೋಡಿ ಬರುತ್ತಿದ್ದ ಗೃಹಿಣಿಗೆ ಸೀಸೆಯ ಮೇಲಿನ ಚೀಟಿ ಅಂಥ ಉತ್ತರ ಕೊಡದು. ಬಸದಿಯ ಟ್ರಸ್ಟಿಗೂ ಇದು ಅನ್ವಯ: ‘ದೀಪದ ಎಣ್ಣೆ’ ಎಂದು ಮಾರುವ ಮಿಶ್ರಣಗಳ ಮೂಲ ಎಷ್ಟೋ ಸಲ ತಿಳಿಯುವುದಿಲ್ಲ.

ಶ್ವೇತಾಂಬರ ಆಗಮವಾದ ‘ಉಪಾಸಕದಶಾ’ದಲ್ಲಿ ಬರುವ ಆನಂದನು ಹನ್ನೆರಡು ಕೋಟಿ ಹೊನ್ನಿನ ಒಡೆಯ. ಅವನು ಭಗವಾನ್ ಮಹಾವೀರರ ಸನ್ನಿಧಿಯಲ್ಲಿ ಭೋಗೋಪಭೋಗದ ಮಿತಿಯನ್ನು ಒಂದೊಂದಾಗಿ ಹೇಳಿಕೊಳ್ಳುತ್ತಾನೆ. ಹಲ್ಲುಜ್ಜಲು ಹಸಿ ಜ್ಯೇಷ್ಠಮಧುವಿನ ಕಡ್ಡಿ. ಅಭ್ಯಂಗದ ಸರದಿ ಬಂದಾಗ ಶತಪಾಕ, ಸಹಸ್ರಪಾಕ ತೈಲಗಳೆರಡನ್ನು ಇರಿಸಿಕೊಂಡು, ಉಳಿದ ಎಣ್ಣೆಗಳನ್ನು ಬಿಡುತ್ತಾನೆ.