ಒಂದು ರಾತ್ರಿ ಪೋಕರ್‌ನಲ್ಲಿ ಗೆದ್ದರೆ ಆಟ ಕೈಗೆ ಬಂತು ಎಂದರ್ಥವೇ?

ಪಾವಗಡ ತಾಲ್ಲೂಕಿನ ನಾಗಲಮಡಿಕೆಯಿಂದ ಓದುಗರೊಬ್ಬರು ನಮಗೊಂದು ವಾಟ್ಸಾಪ್ ಫಾರ್ವರ್ಡ್ ಕಳಿಸಿದ್ದಾರೆ. ಅದರಲ್ಲೊಂದು ಸ್ಕ್ರೀನ್‌ಶಾಟ್: ಪೋಕರ್ ಆಡಿ ಒಂದೇ ರಾತ್ರಿ 84,000 ರೂಪಾಯಿ ಲಾಭ. ಕೆಳಗೆ 'ಗೆಲ್ಲುವವರ ಗುಟ್ಟುಗಳು' ಎಂಬ ಪಟ್ಟಿ, ಕೊನೆಯಲ್ಲೊಂದು ಲಿಂಕ್. ಓದುಗರ ಪ್ರಶ್ನೆ ಇಷ್ಟು: "ನನ್ನ ತಮ್ಮ ಸೋಲಾರ್ ಜಮೀನಿನ ಗುತ್ತಿಗೆ ದುಡ್ಡು ಹಾಕಿ ಆಡ್ತೀನಿ ಅಂತಾನೆ. ಇದು ನಿಜಾನಾ?"

ನಾಗಲಮಡಿಕೆ ಹೋಬಳಿಯವರಿಗೆ ಗುತ್ತಿಗೆ ದುಡ್ಡು ಎಂದರೇನೆಂದು ಬಿಡಿಸಿ ಹೇಳಬೇಕಿಲ್ಲ. ತಿರುಮಣಿ ಸುತ್ತಮುತ್ತ ಸುಮಾರು 13,000 ಎಕರೆಯಲ್ಲಿ ಸೋಲಾರ್ ಪಾರ್ಕ್ ಬಂದಾಗ ರೈತರ ಜಮೀನನ್ನು ಕೊಂಡುಕೊಳ್ಳಲಿಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಪಡೆದರು. ಮಳೆ ನಂಬಿ ಶೇಂಗಾ ಬಿತ್ತುತ್ತಿದ್ದ ಮನೆಗಳಿಗೆ ಖಚಿತವಾಗಿ ಬರುವ ಹಣ ಅದು. ಆದ್ದರಿಂದ ಈ ಲೇಖನದಲ್ಲಿ ಅದನ್ನೇ ನಮ್ಮ ಅಳತೆಗೋಲು ಮಾಡಿಕೊಳ್ಳೋಣ. 84,000 ಎಂದರೆ ನಾಲ್ಕು ಎಕರೆಯ ಒಂದು ವರ್ಷದ ಗುತ್ತಿಗೆ.

ಚಿಕ್ಕ ಉತ್ತರ: ಒಂದು ರಾತ್ರಿ ಅಷ್ಟು ಗೆಲ್ಲುವುದು ಸಾಧ್ಯ. ಆದರೆ ಅದರಿಂದ ಯಾವುದೂ ಸಾಬೀತಾಗುವುದಿಲ್ಲ. ಯಾಕೆ ಎಂಬುದನ್ನು ನೋಡೋಣ.

ಪೋಕರ್ ಆಡುವುದು ಹೇಗೆ?

ಹೆಚ್ಚು ಪ್ರಚಾರದಲ್ಲಿರುವುದು 'ಟೆಕ್ಸಾಸ್ ಹೋಲ್ಡೆಮ್' ಎಂಬ ಬಗೆ. ಪ್ರತಿಯೊಬ್ಬರಿಗೂ ಎರಡು ಎಲೆ ಮುಚ್ಚಿ ಕೊಡುತ್ತಾರೆ. ಮಧ್ಯದಲ್ಲಿ ಐದು ಎಲೆ ಹಂತ ಹಂತವಾಗಿ ಬಿಚ್ಚಿಡುತ್ತಾರೆ. ನಾಲ್ಕು ಸುತ್ತು ಪಣ ಕಟ್ಟುವುದಿರುತ್ತದೆ. ಈ ಏಳು ಎಲೆಗಳಲ್ಲಿ ಒಳ್ಳೆಯ ಐದನ್ನು ಜೋಡಿಸಿಕೊಂಡವರು ಗೆಲ್ಲುತ್ತಾರೆ. ಇಲ್ಲವೇ ಉಳಿದವರೆಲ್ಲ ಎಲೆ ಕೆಳಗಿಟ್ಟು ಹಿಂದೆ ಸರಿದರೆ ಕೊನೆಗೆ ಉಳಿದವರು ಗೆಲ್ಲುತ್ತಾರೆ.

ನಮ್ಮ ಕಡೆ ಜೂಜೆಂದರೆ ಹೆಚ್ಚು ಕೇಳುವುದು ಅಂದರ್-ಬಾಹರ್. ಅದರಲ್ಲಿ ಆಡುವವನ ಬುದ್ಧಿಗೆ ಕೆಲಸವೇ ಇಲ್ಲ. ಬಿಚ್ಚಿಟ್ಟ ಎಲೆಗೆ ಜೋಡಿ ಯಾವ ಕಡೆ ಬೀಳುತ್ತದೆ ಎಂದು ಊಹಿಸುವುದಷ್ಟೇ ಆಟ. ಲೆಕ್ಕ ಹಾಕಿದರೆ, ಮೊದಲ ಎಲೆ ಯಾವ ಕಡೆ ಹಾಕುತ್ತಾರೋ ಆ ಕಡೆಗೆ ಶೇ. 51.5 ಸಾಧ್ಯತೆ, ಇನ್ನೊಂದು ಕಡೆಗೆ ಶೇ. 48.5. ಇದಕ್ಕಿಂತ ಹೆಚ್ಚಿನ ಯಾವ ಗುಟ್ಟೂ ಅದರಲ್ಲಿಲ್ಲ. "ಐದು ಸಲ ಅಂದರ್ ಬಂತು, ಈಗ ಬಾಹರ್ ಬರಲೇಬೇಕು" ಎನ್ನುವುದು ತಪ್ಪು. ಕಲಸಿದ ಎಲೆಗಳಿಗೆ ಹಿಂದಿನ ಆಟದ ನೆನಪಿರುವುದಿಲ್ಲ.

ಹಾಗಾದರೆ ಪೋಕರ್‌ನಲ್ಲಿ ಜಾಣ್ಮೆ ಇದೆಯೇ?

ಇದೆ. ಒಂದು ಉದಾಹರಣೆ ನೋಡಿ. ಮಧ್ಯದಲ್ಲಿ 3,000 ರೂಪಾಯಿ ಇದೆ. ಎದುರಾಳಿ 1,000 ಕಟ್ಟುತ್ತಾನೆ. ನಿಮ್ಮ ಬಳಿ ನಾಲ್ಕು ಹಾರ್ಟ್ಸ್ ಎಲೆ ಇವೆ, ಇನ್ನೊಂದು ಬಂದರೆ 'ಫ್ಲಶ್' ಆಗಿ ಗೆಲ್ಲುತ್ತೀರಿ. ಬಿಚ್ಚಬೇಕಿರುವುದು ಒಂದೇ ಎಲೆ. ನೀವು ನೋಡದ 46 ಎಲೆಗಳಲ್ಲಿ 9 ಹಾರ್ಟ್ಸ್ ಇವೆ, ಅಂದರೆ ಸಾಧ್ಯತೆ ಶೇ. 19.6. ನೀವು 1,000 ಹಾಕಿದರೆ ಒಟ್ಟು 5,000 ಆಗುತ್ತದೆ, ಅದರಲ್ಲಿ ನಿಮ್ಮ ಪಾಲು ಶೇ. 20. ಹೆಚ್ಚುಕಡಿಮೆ ಸರಿಸಮ. ಅದೇ ಎದುರಾಳಿ 3,000 ಕಟ್ಟಿದ್ದರೆ ನೀವು ಹಾಕಬೇಕಾದದ್ದು ಒಟ್ಟು ಹಣದ ಮೂರನೇ ಒಂದು ಭಾಗ, ಗೆಲ್ಲುವ ಸಾಧ್ಯತೆ ಮಾತ್ರ ಐದರಲ್ಲಿ ಒಂದು. ಆಗ ಎಲೆ ಕೆಳಗಿಡುವುದೇ ಜಾಣತನ.

ಚೆನ್ನಾಗಿ ಆಡುವವರು ಮಾಡುವುದು ಬಹುಪಾಲು ಇದನ್ನೇ. ಹೆಚ್ಚಿನ ಸಲ ಎಲೆ ಕೆಳಗಿಟ್ಟು ಸುಮ್ಮನೆ ಕೂರುತ್ತಾರೆ. ಫಾರ್ವರ್ಡ್‌ಗಳಲ್ಲಿ ಕಾಣುವ 'ಎದೆಗಾರಿಕೆ' ಅಲ್ಲಿ ಕಡಿಮೆ, ಲೆಕ್ಕ ಮತ್ತು ತಾಳ್ಮೆ ಹೆಚ್ಚು.

ಮತ್ತೆ ಒಂದು ರಾತ್ರಿಯ ಗೆಲುವು ಯಾಕೆ ಸಾಕ್ಷಿಯಲ್ಲ?

ಜಾಣ್ಮೆಯ ಫಲ ಕಾಣಿಸಲು ಸಾವಿರಾರು ಆಟ ಬೇಕು. ಒಂದು ರಾತ್ರಿಯಲ್ಲಿ ನಡೆಯುವುದು ನೂರೈವತ್ತು, ಇನ್ನೂರು ಆಟ. ಎರಡು ಎಕ್ಕ ಕೈಗೆ ಬರುವುದು ಪೋಕರ್‌ನ ಅತ್ಯುತ್ತಮ ಆರಂಭ. ಅದು ಬರುವುದು ಸರಾಸರಿ 221 ಆಟಕ್ಕೊಮ್ಮೆ. 160 ಆಟ ಆಡಿದರೂ ಒಮ್ಮೆಯೂ ಬಾರದಿರುವ ಸಾಧ್ಯತೆ ಸುಮಾರು ಅರ್ಧದಷ್ಟು. ಬಂದರೂ, ಯಾವುದೋ ಎರಡು ಎಲೆ ಹಿಡಿದ ಒಬ್ಬ ಎದುರಾಳಿಯ ಮುಂದೆ ಅದು ಗೆಲ್ಲುವುದು ನೂರಕ್ಕೆ ಸುಮಾರು 85 ಸಲ. ಉಳಿದ 15 ಸಲ ಅತ್ಯುತ್ತಮ ಎಲೆ ಹಿಡಿದವನೇ ಸೋಲುತ್ತಾನೆ. ಹಾಗಾಗಿ ಒಂದು ರಾತ್ರಿ ಜಾಣ ಸೋತು ದಡ್ಡ ಗೆಲ್ಲುವುದು ಮಾಮೂಲಿ.

ಈಗ ಸ್ಕ್ರೀನ್‌ಶಾಟ್‌ಗಳ ವಿಷಯ. ಆಟ ಗೊತ್ತಿಲ್ಲದ 320 ಜನ ಆಡುತ್ತಾರೆ, ಪ್ರತಿ ರಾತ್ರಿ ಗೆಲ್ಲುವ ಸಾಧ್ಯತೆ ಅರ್ಧಕ್ಕರ್ಧ ಎಂದುಕೊಳ್ಳಿ. ಬರೀ ಅದೃಷ್ಟದಿಂದಲೇ ಸುಮಾರು 10 ಜನ ಸತತ ಐದು ರಾತ್ರಿ ಗೆದ್ದಿರುತ್ತಾರೆ. ಆ ಹತ್ತು ಜನ ಫೋಟೊ ಹಾಕುತ್ತಾರೆ. ಉಳಿದ 310 ಜನ ಬಾಯಿ ಬಿಡುವುದಿಲ್ಲ. ಗುಂಪಿನಲ್ಲಿ ನಮಗೆ ಕಾಣುವುದು ಗೆದ್ದವರ ಮುಖ ಮಾತ್ರ. ಚಿತ್ರವನ್ನು ತಿದ್ದಿರಲೂಬಹುದು ಎಂಬುದು ಬೇರೆ ಮಾತು.

ಪ್ರತಿ ಸಲವೂ ಗೆಲ್ಲುವವರು ಯಾರು?

ಆಟ ನಡೆಸುವವರು. ಪೋಕರ್‌ನಲ್ಲಿ ಪ್ರತಿ ಆಟದ ಹಣದಿಂದ ಅವರು ಒಂದು ಪಾಲು ಎತ್ತಿಕೊಳ್ಳುತ್ತಾರೆ. ಆರು ಜನ ತಲಾ 5,000 ತಂದರೆ ಮೇಜಿನ ಮೇಲೆ 30,000. ಸರಾಸರಿ 1,000 ರೂಪಾಯಿಯ 150 ಆಟ ನಡೆದು, ಶೇ. 5ರಂತೆ ಪಾಲು ಹೋದರೆ ಬೆಳಗಾಗುವಾಗ 7,500 ಅವರ ಜೇಬಿನಲ್ಲಿರುತ್ತದೆ. ಆರು ಜನರಿಗೆ ಉಳಿದದ್ದು 22,500. ಅಂದರೆ ಬೇರೆಯವರಿಗಿಂತ ಸ್ವಲ್ಪ ಚೆನ್ನಾಗಿ ಆಡಿದರೆ ಸಾಲದು, ಈ ಪಾಲನ್ನೂ ಮೀರಿಸುವಷ್ಟು ಚೆನ್ನಾಗಿ ಆಡಬೇಕು.

'ಸೋತರೆ ದುಪ್ಪಟ್ಟು ಕಟ್ಟಿ' ಎಂಬ ಗುಟ್ಟು

ಫಾರ್ವರ್ಡ್‌ನಲ್ಲಿದ್ದ ಮೊದಲ ಗುಟ್ಟೇ ಇದು: ಸೋತಾಗ ದುಪ್ಪಟ್ಟು ಕಟ್ಟಿ, ಒಮ್ಮೆ ಗೆದ್ದರೆ ಎಲ್ಲ ವಾಪಸ್. ಕೇಳಲು ಚೆಂದ. 500ರಿಂದ ಶುರು ಮಾಡಿ ಆರು ಸಲ ಸತತ ಸೋತರೆ 500, 1,000, 2,000, 4,000, 8,000, 16,000, ಒಟ್ಟು 31,500 ರೂಪಾಯಿ. ಸರಿಯಾಗಿ ಒಂದೂವರೆ ಎಕರೆಯ ವರ್ಷದ ಗುತ್ತಿಗೆ. ಅರ್ಧಕ್ಕರ್ಧ ಸಾಧ್ಯತೆಯ ಆಟದಲ್ಲಿ ಹೀಗಾಗುವುದು 64ರಲ್ಲಿ ಒಂದು ಸಲ. ರಾತ್ರಿಯಿಡೀ ಆಡುವವನಿಗೆ ಅದು ಅಪರೂಪವಲ್ಲ. ಗೆದ್ದರೆ ಸಿಗುವ ಲಾಭವೋ, ಬರೀ 500. ಕಳೆದದ್ದನ್ನು ವಾಪಸ್ ಪಡೆಯಲು ಇನ್ನೂ ದೊಡ್ಡದನ್ನು ಪಣಕ್ಕಿಟ್ಟ ಧರ್ಮರಾಯನ ಕತೆ ನಮಗೆಲ್ಲ ಗೊತ್ತೇ ಇದೆ.

ಕಾನೂನು ಏನು ಹೇಳುತ್ತದೆ?

ಸಾರ್ವಜನಿಕ ಸ್ಥಳದಲ್ಲಿ ಜೂಜಾಡುವುದು, ಜೂಜಿನ ಮನೆ ನಡೆಸುವುದು ಕರ್ನಾಟಕ ಪೊಲೀಸ್ ಕಾಯ್ದೆ, 1963ರ ಪ್ರಕಾರ ಅಪರಾಧ. ರಮ್ಮಿ ಮುಖ್ಯವಾಗಿ ಕೌಶಲದ ಆಟ ಎಂದು ಸುಪ್ರೀಂ ಕೋರ್ಟ್ 1967ರಲ್ಲೇ ಹೇಳಿತ್ತು, ಮೂರೆಲೆ ಆಟ ಅದೃಷ್ಟದ್ದು ಎಂದೂ ಹೇಳಿತ್ತು. ರಾಜ್ಯ ಸರ್ಕಾರ 2021ರಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ಹೈಕೋರ್ಟ್ 2022ರ ಫೆಬ್ರುವರಿ 14ರಂದು ರದ್ದು ಮಾಡಿತು.

ಹಳೆಯ ಫಾರ್ವರ್ಡ್‌ಗಳು ಇಲ್ಲಿಗೇ ನಿಲ್ಲುತ್ತವೆ. ಆದರೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಹೊಸ ಕಾಯ್ದೆ ಮಾಡಿತು, ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತವೂ ಬಿತ್ತು. ಕೌಶಲವೋ ಅದೃಷ್ಟವೋ ಎಂಬ ಭೇದವಿಲ್ಲದೆ ಹಣ ಕಟ್ಟಿ ಆಡುವ ಎಲ್ಲ ಆನ್‌ಲೈನ್ ಆಟಗಳನ್ನೂ ಅದು ನಿಷೇಧಿಸುತ್ತದೆ. ನಡೆಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. ಜಾಹೀರಾತು ಮಾಡುವವರಿಗೆ 2 ವರ್ಷದವರೆಗೆ ಜೈಲು, 50 ಲಕ್ಷದವರೆಗೆ ದಂಡ. ಆಡುವವರಿಗೆ ಶಿಕ್ಷೆ ಇಟ್ಟಿಲ್ಲ. ಇದನ್ನು ಪ್ರಶ್ನಿಸಿದ ಅರ್ಜಿಗಳನ್ನು ಸುಪ್ರೀಂ ಕೋರ್ಟ್ ತನ್ನ ಬಳಿಗೆ ವರ್ಗಾಯಿಸಿಕೊಂಡಿದೆ. ಆದ್ದರಿಂದ ಈ ಬಗೆಯ ಲಿಂಕ್ ಬಂದರೆ ಅದು ಕಾನೂನು ಮೀರಿದ ಆಪ್‌ನದ್ದು, ಇಲ್ಲವೇ ಶುದ್ಧ ಮೋಸದ್ದು ಎಂದುಕೊಳ್ಳಿ. ಅಲ್ಲಿ ಗೆದ್ದ ಹಣ ಕೈಗೆ ಬಾರದಿದ್ದರೆ ಕೇಳುವುದು ಯಾರನ್ನು?

ಯಾವಾಗ ಎಚ್ಚೆತ್ತುಕೊಳ್ಳಬೇಕು?

ಸೋತದ್ದನ್ನು ವಾಪಸ್ ತರಲೆಂದೇ ಮತ್ತೆ ಆಡುವುದು, ಎಷ್ಟು ಹೋಯಿತೆಂದು ಮನೆಯಲ್ಲಿ ಸುಳ್ಳು ಹೇಳುವುದು, ಆಟಕ್ಕಾಗಿ ಕೈಸಾಲ ಮಾಡುವುದು, ಒಡವೆ ಅಡವಿಡುವುದು. ಇವು ಬರೀ ಕೆಟ್ಟ ಚಟದ ಲಕ್ಷಣಗಳಲ್ಲ. ಜೂಜಿನ ಗೀಳನ್ನು ವಿಶ್ವ ಆರೋಗ್ಯ ಸಂಸ್ಥೆ ಕಾಯಿಲೆಗಳ ಪಟ್ಟಿಯಲ್ಲೇ ಸೇರಿಸಿದೆ. ಇದಕ್ಕೆ ಚಿಕಿತ್ಸೆ ಇದೆ. ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಆಪ್‌ನಲ್ಲಿ ಹಣ ಮೋಸವಾಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ನಾಗಲಮಡಿಕೆಯ ಓದುಗರಿಗೆ ನಮ್ಮ ಉತ್ತರ

ತಮ್ಮನಿಗೆ ಬೈಯಬೇಡಿ, ಬೈದರೆ ಕದ್ದು ಆಡುತ್ತಾನೆ. ಪಕ್ಕದಲ್ಲಿ ಕೂರಿಸಿಕೊಂಡು ಮೂರು ಪ್ರಶ್ನೆ ಕೇಳಿ. ಆ 84,000 ಗೆದ್ದವನು ಒಟ್ಟು ಎಷ್ಟು ರಾತ್ರಿ ಆಡಿದ್ದಾನೆ? ಉಳಿದ ರಾತ್ರಿಗಳಲ್ಲಿ ಎಷ್ಟು ಕಳೆದಿದ್ದಾನೆ? ಈ ಲಿಂಕ್ ಒತ್ತಿದರೆ ಕಮಿಷನ್ ಯಾರಿಗೆ ಹೋಗುತ್ತದೆ? ಮೂರಕ್ಕೂ ಉತ್ತರ ಸಿಗದಿದ್ದರೆ ಆ ಚಿತ್ರಕ್ಕೆ ಬೆಲೆಯಿಲ್ಲ. ಗುತ್ತಿಗೆ ದುಡ್ಡು ಬ್ಯಾಂಕಿನಲ್ಲೇ ಇರಲಿ. ಫಾರ್ವರ್ಡ್ ನಿಮ್ಮ ಫೋನಿನಿಂದ ಮುಂದಕ್ಕೆ ಹೋಗದಿರಲಿ.