ಲೋಹದ ಯುದ್ಧದಾಟದ ಬೊಂಬೆಗಳು: ಜೋಡಣೆ ಮತ್ತು ಪಿನ್ ಕೆಲಸದ ಇತಿಹಾಸ

ಮೇಜಿನ ಮೇಲೆ ಆಡುವ ಯುದ್ಧದಾಟಗಳಿಗೆ ಬಳಸುವ ಮಿನಿಯೇಚರ್ ಎಂಬ ಪುಟ್ಟ ಲೋಹದ ಬೊಂಬೆಗಳು ಎಷ್ಟೋ ಸಲ ಬಿಡಿ ಭಾಗಗಳಾಗಿಯೇ ಮಾರಾಟವಾಗುತ್ತವೆ. ಕೊಂಡವರು ಅವನ್ನು ಅರದಿಂದ ಉಜ್ಜಿ, ಕೂಡಬೇಕಾದ ಎರಡೂ ಮುಖಗಳಲ್ಲಿ ಸಣ್ಣ ತೂತು ಕೊರೆದು, ನಡುವೆ ತಂತಿಯ ತುಂಡೊಂದನ್ನು ಕೂರಿಸಿ ಅಂಟು ಹಾಕುತ್ತಾರೆ. ಇದೇ ಪಿನ್ ಹಾಕುವ ಕೆಲಸ. ಹವ್ಯಾಸಿಗಳು ಇದನ್ನು ಅಚ್ಚುಕಟ್ಟುತನದ ಗುರುತೆಂದು, ಮಾಡಿದರೆ ಒಳ್ಳೆಯದು ಎನ್ನುವಂಥ ಹೆಚ್ಚಿನ ಕುಶಲತೆಯೆಂದು ಹೇಳಿಕೊಳ್ಳುವುದುಂಟು. ಈ ಬೊಂಬೆಗಳ ಚರಿತ್ರೆ ಆ ಮಾತನ್ನು ಒಪ್ಪುವುದಿಲ್ಲ. ರಬ್ಬರ್ ಅಚ್ಚಿನ ಇತಿಮಿತಿ, ಲೋಹದ ತೂಕ, ಅಂಟಿನ ಪೆಡಸುತನ ಮೂರೂ ಒಂದೆಡೆ ಸೇರಿದಾಗ, ತಯಾರಕರು ಅರ್ಧಕ್ಕೆ ಬಿಟ್ಟ ಕೆಲಸವನ್ನು ಕೊಂಡವರೇ ಮುಗಿಸಬೇಕಾಯಿತು; ಪಿನ್ ಬಳಕೆಗೆ ಬಂದದ್ದು ಆ ಅನಿವಾರ್ಯದಿಂದ.

ಅದಕ್ಕೂ ಮುಂಚಿನ ಬೊಂಬೆಗಳಿಗೆ ಇದರ ಹಂಗಿರಲಿಲ್ಲ. ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿ ಯೋಹಾನ್ ಗಾಟ್‌ಫ್ರೀಡ್ ಹಿಲ್ಪರ್ಟ್ ತಯಾರಿಸಿದ ತವರದ ಸೈನಿಕರು ಚಪ್ಪಟೆಯಾಗಿದ್ದರು. ಒಂದೇ ಎರಕದಲ್ಲಿ ಇಡೀ ಆಕೃತಿ ಮುಗಿಯುತ್ತಿತ್ತು. ಪ್ರಷ್ಯದ ಸೇನಾಧಿಕಾರಿಗಳಿಗಾಗಿ ರೈಸ್‌ವಿಟ್ಸ್ 1824ರಲ್ಲಿ ಪ್ರಕಟಿಸಿದ ಯುದ್ಧದಾಟದಲ್ಲಂತೂ ತುಕಡಿಗಳೆಂದರೆ ಬರಿಯ ಆಯತಾಕಾರದ ತುಂಡುಗಳು. ಲಂಡನ್ನಿನ ವಿಲಿಯಂ ಬ್ರಿಟನ್ 1893ರಲ್ಲಿ ಟೊಳ್ಳು ಎರಕದ ವಿಧಾನವನ್ನು ಮಾರುಕಟ್ಟೆಗೆ ತಂದ. ಅಚ್ಚಿಗೆ ಹೊಯ್ದ ಸೀಸ ಹೊರಗೆ ಹೆಪ್ಪುಗಟ್ಟಿದ ಕೂಡಲೇ ಒಳಗಿನ ದ್ರವವನ್ನು ಸುರಿದುಬಿಡುವ ಈ ಕ್ರಮದಿಂದ ಬೊಂಬೆ ಹಗುರವೂ ಆಯಿತು, ಅಗ್ಗವೂ ಆಯಿತು. ಎಚ್. ಜಿ. ವೆಲ್ಸ್ 1913ರಲ್ಲಿ ‘ಲಿಟಲ್ ವಾರ್ಸ್’ ಬರೆದಾಗ ಅವನ ಮುಂದಿದ್ದದ್ದು ಇಂಥ ಬೊಂಬೆಗಳೇ. ಇವುಗಳಲ್ಲಿ ಹಲವಕ್ಕೆ ಬೇರೆಯಾಗಿ ಎರಕ ಹೊಯ್ದ, ಆಡಿಸಬಹುದಾದ ತೋಳಿತ್ತು. ಆದರೆ ಅದನ್ನು ಭುಜಕ್ಕೆ ಕೂರಿಸಿ ಕಳಿಸುವ ಹೊಣೆ ಕಾರ್ಖಾನೆಯದು. ಮನೆಗೆ ತಂದ ಹುಡುಗ ಪೆಟ್ಟಿಗೆ ಬಿಚ್ಚಿ ಆಡಿದರಾಯಿತು.

ತಿರುವು ಬಂದದ್ದು ಎರಕದ ರೀತಿಯಲ್ಲಿ. ಕ್ಯಾಲಿಫೋರ್ನಿಯದ ಜ್ಯಾಕ್ ಸ್ಕ್ರೂಬಿ 1950ರ ದಶಕದಲ್ಲಿ ರಬ್ಬರ್ ಅಚ್ಚುಗಳಿಂದ ಅಗ್ಗದ ಬೊಂಬೆಗಳನ್ನು ತೆಗೆಯತೊಡಗಿದ. ಮುಂದೆ ಈ ಉದ್ಯಮದಲ್ಲೆಲ್ಲ ನೆಲೆಯೂರಿದ್ದು ತಿರುಗಿಸಿ ಎರಕ ಹೊಯ್ಯುವ ಪದ್ಧತಿ: ಎರಡು ರಬ್ಬರ್ ಬಿಲ್ಲೆಗಳನ್ನು ಒಂದರ ಮೇಲೊಂದಿಟ್ಟು ಗರಗರ ತಿರುಗಿಸುತ್ತ ನಡುವಿಗೆ ಕರಗಿದ ಲೋಹ ಹೊಯ್ದರೆ ಅದು ಅಂಚಿನ ಗುಳಿಗಳಿಗೆ ನುಗ್ಗುತ್ತದೆ. ರಬ್ಬರ್ ಬಾಗುತ್ತದೆ ಎಂಬುದು ಇದರ ಅನುಕೂಲ, ಬಾಗುವುದಕ್ಕೂ ಮಿತಿಯಿದೆ ಎಂಬುದು ಇದರ ತೊಡಕು. ಕತ್ತಿ ಎತ್ತಿ ಒಂದು ಕೈ ಮುಂದಕ್ಕೆ, ಗುರಾಣಿ ಹಿಡಿದ ಇನ್ನೊಂದು ಕೈ ಪಕ್ಕಕ್ಕೆ ಚಾಚಿದ ಆಕೃತಿಯನ್ನು ಎರಡೇ ಹೋಳಿನ ಅಚ್ಚಿನಿಂದ ಬಿಡಿಸಲು ಹೋದರೆ ಅಚ್ಚು ಹರಿಯುತ್ತದೆ, ಇಲ್ಲವೇ ಕೈ ಮುರಿಯುತ್ತದೆ. ಸಾಲಾಗಿ ನಿಂತ ನೆಪೋಲಿಯನ್ ಕಾಲದ ಸಿಪಾಯಿಗಳಿಗೆ ಈ ತೊಂದರೆ ಇರಲಿಲ್ಲ. ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟ 1974ರಲ್ಲಿ ಬಂದ ಮೇಲೆ ಕೊಳ್ಳುವವರ ಬೇಡಿಕೆ ಬದಲಾಯಿತು. ರೆಕ್ಕೆ ಬಿಚ್ಚಿದ ಡ್ರ್ಯಾಗನ್, ನಾಲ್ಕಾರು ತೋಳಿನ ರಾಕ್ಷಸರು ಬೇಕಾದರು. ಅಮೆರಿಕದ ರಾಲ್ ಪಾರ್ಥಾ, ಇಂಗ್ಲೆಂಡಿನ ಸಿಟಡೆಲ್ ಮುಂತಾದ ಕಂಪನಿಗಳು ರೆಕ್ಕೆ, ಬಾಲ, ತಲೆಗಳನ್ನು ಬೇರೆ ಬೇರೆ ಎರಕ ಹೊಯ್ದು ಒಂದೇ ಪೊಟ್ಟಣದಲ್ಲಿ ಕೊಟ್ಟವು. ವಾರ್‌ಹ್ಯಾಮರ್ ಎಂಬ ಯುದ್ಧದಾಟ 1983ರಲ್ಲಿ ಬಂದ ನಂತರ ಬೊಂಬೆಗಳ ಗಾತ್ರವೂ ಬೆಳೆಯಿತು, ಬಿಡಿಭಾಗಗಳೂ ಹೆಚ್ಚಾದವು.

ಈ ಭಾಗಗಳನ್ನು ಯಾವುದರಿಂದ ಕೂಡಿಸುವುದು? ಪ್ಲಾಸ್ಟಿಕ್ ಬೊಂಬೆಗೆ ಹಾಕುವ ದ್ರಾವಕದ ಅಂಟು ಎರಡೂ ಮುಖಗಳನ್ನು ಕರಗಿಸಿ ಒಂದಾಗಿಸುತ್ತದೆ. ಆರಿದ ಮೇಲೆ ಅಲ್ಲಿ ಸಂದೇ ಉಳಿಯುವುದಿಲ್ಲ. ಲೋಹದ ಮೇಲೆ ಅದು ನಡೆಯದು. ನಮ್ಮಲ್ಲಿ ಫೆವಿಕ್ವಿಕ್ ಎಂದರೆ ಎಲ್ಲರಿಗೂ ಗೊತ್ತಾಗುವ ಸಯನೋಅಕ್ರಿಲೇಟ್ ಅಂಟು ಅಮೆರಿಕದ ಈಸ್ಟ್‌ಮನ್ ಕಂಪನಿಯಿಂದ 1958ರಲ್ಲಿ ಮಾರಾಟಕ್ಕೆ ಬಂದಿತ್ತು. ಕ್ಷಣದಲ್ಲಿ ಕಚ್ಚಿಕೊಳ್ಳುವ ಈ ಅಂಟು ನೇರ ಎಳೆತವನ್ನು ಚೆನ್ನಾಗಿ ತಡೆಯುತ್ತದೆ, ಆದರೆ ಪೆಡಸು. ಪಕ್ಕದಿಂದ ಬಿದ್ದ ಪೆಟ್ಟಿಗೆ ಚಟ್ಟನೆ ಬಿಟ್ಟುಕೊಡುತ್ತದೆ. ಇದರ ಮೇಲೆ ತೂಕದ ಲೆಕ್ಕ ಬೇರೆ. ಬೊಂಬೆಯ ಎತ್ತರ ಎರಡರಷ್ಟಾದರೆ ತೂಕ ಎಂಟರಷ್ಟಾಗುತ್ತದೆ, ಸಂದಿನ ವಿಸ್ತಾರ ಮಾತ್ರ ನಾಲ್ಕರಷ್ಟೇ. ಹೀಗಾಗಿ ದೊಡ್ಡ ಡ್ರ್ಯಾಗನ್ನಿನ ರೆಕ್ಕೆ ಅಂಟೊಂದನ್ನೇ ನಂಬಿ ನಿಲ್ಲಲಾರದು. ಪಿನ್ ಈ ಹೊರೆಯನ್ನು ಅಂಟಿನಿಂದ ತಂತಿಗೆ ದಾಟಿಸುತ್ತದೆ. ಬೆರಳಲ್ಲಿ ತಿರುಗಿಸುವ ಪುಟ್ಟ ಕೈಡ್ರಿಲ್ಲು, 1 ಮಿ.ಮೀ. ಆಸುಪಾಸಿನ ಬಿಟ್ಟು, ಹಿತ್ತಾಳೆ ತಂತಿ ಅಥವಾ ನೆಟ್ಟಗೆ ಮಾಡಿದ ಪೇಪರ್ ಕ್ಲಿಪ್ಪು, ಇಷ್ಟೇ ಸಲಕರಣೆ. ಕಷ್ಟವಿರುವುದು ಎರಡು ತೂತುಗಳನ್ನು ಒಂದೇ ನೇರಕ್ಕೆ ತರುವುದರಲ್ಲಿ. ಒಂದು ಕಡೆ ಕೊರೆದು, ಅದರ ಬಾಯಿಗೆ ಒಂದು ತೊಟ್ಟು ಬಣ್ಣ ಹಚ್ಚಿ, ಇನ್ನೊಂದು ಮುಖಕ್ಕೆ ಒತ್ತಿ ಗುರುತು ಪಡೆಯುವುದು ರೂಢಿ. ಆದರೂ ತಪ್ಪಿದರೆ ಒಂದು ತೂತನ್ನು ಅಗಲಿಸಿ ಎಪಾಕ್ಸಿ ಪುಟ್ಟಿ ತುಂಬುತ್ತಾರೆ.

ತೂತು ಕೊರೆದು ಗೂಟ ಕೂರಿಸುವುದೇನು ಹೊಸದೇ ಎಂದು ಕೇಳಬಹುದು. ಹೊಸದಲ್ಲ, ಪ್ರಾಚೀನ ಗ್ರೀಸಿನ ಶಿಲ್ಪಿಗಳು ಅಮೃತಶಿಲೆಯ ತೋಳುಗಳನ್ನು ಲೋಹದ ಗೂಟದಿಂದಲೇ ಜೋಡಿಸುತ್ತಿದ್ದರು. ಆದರೆ ಅಲ್ಲಿ ಗೂಟ ಹಾಕಿದವನು ಶಿಲ್ಪಿ, ಬ್ರಿಟನ್ ಬೊಂಬೆಯಲ್ಲಿ ಕಾರ್ಖಾನೆಯ ಕೆಲಸಗಾರ. ಆ ಕೆಲಸ ಗಿರಾಕಿಯ ಪಾಲಿಗೆ ಬಂದದ್ದೇ ಇಲ್ಲಿ ವಿವರಣೆ ಬೇಡುವ ಸಂಗತಿ, ಅದಕ್ಕೆ ತಂತ್ರದ ಪ್ರಾಚೀನತೆ ಉತ್ತರವಾಗದು. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ: ಎರಡು ಕೊಳವೆಗಳಿಂದ ತೆಗೆದು ಬೆರೆಸುವ ಎಪಾಕ್ಸಿ ಅಂಟು ಸಯನೋಅಕ್ರಿಲೇಟ್‌ಗಿಂತ ತಾಳಿಕೆಯದು, ಪಿನ್ ಯಾಕೆ? ಅಗಲವಾದ ಸಂದಿಗೆ ಈ ಮಾತು ನಿಜ; ಮುಂಡಕ್ಕೆ ಸೊಂಟವನ್ನು ಕೂಡಿಸಲು ಎಪಾಕ್ಸಿಯೇ ಸಾಕು, ಅಲ್ಲಿ ಪಿನ್ ಹಾಕುವುದು ನಿಜಕ್ಕೂ ಶೋಕಿ. ಮಣಿಕಟ್ಟು, ಪಾದ, ರೆಕ್ಕೆಯ ಬುಡ ಇವು ಬೇರೆ. ಕೆಲವೇ ಚದರ ಮಿಲಿಮೀಟರಿನ ಜಾಗದಲ್ಲಿ ಅಂಟು ಎಷ್ಟೇ ಗಟ್ಟಿಯಿದ್ದರೂ ಸನ್ನೆಯಂತೆ ಎಳೆಯುವ ಭಾರಕ್ಕೆ ಅದು ಸೋಲುತ್ತದೆ. ಅದೂ ಅಲ್ಲದೆ ಇವು ಗಾಜಿನ ಬೀರುವಿನ ಪ್ರದರ್ಶನ ವಸ್ತುಗಳಲ್ಲ, ಆಟದಲ್ಲಿ ನೂರು ಸಲ ಎತ್ತಿ ಇಡುವಂಥವು.

ಸೀಸದ ವಿಷದ ಬಗ್ಗೆ ಎದ್ದ ಕಳವಳ ಈ ಕೆಲಸವನ್ನು ಇನ್ನಷ್ಟು ಬಿಗಿಗೊಳಿಸಿತು. ಅಮೆರಿಕದಲ್ಲಿ, ವಿಶೇಷವಾಗಿ ನ್ಯೂಯಾರ್ಕ್ ರಾಜ್ಯದಲ್ಲಿ, ಕಾನೂನಿನ ಒತ್ತಡ ಬಂದಾಗ 1990ರ ದಶಕದಲ್ಲಿ ತಯಾರಕರು ತವರ ಪ್ರಧಾನವಾದ, ಸೀಸವಿಲ್ಲದ ಮಿಶ್ರಲೋಹಗಳ ಕಡೆಗೆ ಹೊರಳಿದರು. ಹೊಸ ಲೋಹ ಸೀಸದಷ್ಟು ಮೆದುವಲ್ಲ. ತೆಳು ಭಾಗಗಳು ಸುಲಭವಾಗಿ ಬಾಗದಾದವು, ಕೈಡ್ರಿಲ್ಲಿಗೆ ಶ್ರಮ ಹೆಚ್ಚಿತು. ಪಿನ್ನಿನ ಅಗತ್ಯ ತಗ್ಗಿದ್ದು ಪ್ಲಾಸ್ಟಿಕ್ಕಿನಿಂದ. ಪಾಲಿಸ್ಟೈರೀನಿನ ಸಾಂದ್ರತೆ ತವರದ ಏಳನೆಯ ಒಂದು ಭಾಗದಷ್ಟು, ಅದರ ಅಂಟು ಬೆಸುಗೆಗೆ ಸಮ. ಸಿಟಡೆಲ್‌ನ ಒಡೆತನವಿರುವ ಗೇಮ್ಸ್ ವರ್ಕ್‌ಶಾಪ್ 2011ರಲ್ಲಿ ತನ್ನ ಹಲವಾರು ಲೋಹದ ಬೊಂಬೆಗಳನ್ನು ರಾಳಕ್ಕೆ ಬದಲಿಸಿತು. ಆದರೆ ಪ್ಲಾಸ್ಟಿಕ್ಕಿಗೆ ಬೇಕಾದ ಉಕ್ಕಿನ ಅಚ್ಚು ದುಬಾರಿ, ರಬ್ಬರ್ ಅಚ್ಚು ಅಗ್ಗ. ಆದ್ದರಿಂದ ಕೆಲವೇ ನೂರು ಪ್ರತಿ ಮಾರುವ ಸಣ್ಣ ತಯಾರಕರು, ಅದರಲ್ಲೂ ಐತಿಹಾಸಿಕ ಯುದ್ಧಗಳ ಬೊಂಬೆ ಮಾಡುವವರು, ಇಂದಿಗೂ ಲೋಹವನ್ನೇ ಹೊಯ್ಯುತ್ತಾರೆ. ಅವರ ಗಿರಾಕಿಗಳು ಇಂದಿಗೂ ಕೈಡ್ರಿಲ್ಲು ಹಿಡಿಯುತ್ತಾರೆ.